ಕೋಣೆ ಕೇಳುವುದನ್ನಷ್ಟೇ ಕಲಿತವನ ದೂರು

‘ದಿನನಿತ್ಯದ ಸಂಭಾಷಣೆಗಳಿಂದ ಸ್ಪ್ಯಾನಿಷ್’ ಧ್ವನಿಪಾಠಗಳ ಸಂಪಾದಕ ಮಹಾಶಯರಿಗೆ, ಈ ಪತ್ರಿಕೆಯ ಮೂಲಕ ಬಹಿರಂಗ ಪತ್ರ

ಮಾನ್ಯರೇ,

ತಮಗೂ, ತಮ್ಮ ಪಾಠಗಳಲ್ಲಿ ಸದಾ ನಗುನಗುತ್ತ ಮಾತಾಡುವ ಹೋಟೆಲ್ ಗುಮಾಸ್ತರಿಗೂ ಅನಂತ ವಂದನೆಗಳು. ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನ ಮನೆ ಬಾಗಿಲಲ್ಲೇ, ಬೀಗಿತ್ತಿಯ ಎದುರು ತಾವು ನನ್ನ ಮಾನ ಕಳೆದಿರಿ ಎಂಬುದನ್ನು ಸವಿನಯವಾಗಿ ತಿಳಿಸುತ್ತೇನೆ.

ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ನನಗೆ ಓದಿದ್ದನ್ನಾಗಲಿ ಕೇಳಿದ್ದನ್ನಾಗಲಿ ಮರೆಯುವ ಸೌಭಾಗ್ಯವಿಲ್ಲ. ತಮ್ಮ ನಲವತ್ತು ಸಂಭಾಷಣೆಗಳೂ ಬಾಯಿಪಾಠವಾಗಿವೆ. ಅದಕ್ಕೆ ಕಾರಣವಿತ್ತು. ಹೋದ ವರ್ಷ ನಮ್ಮ ಮಗಳು ಪರದೇಶದ ಅತ್ತೆಮನೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಳು. ನಾವು ಹೋಗಲಾಗದೆ ಇಲ್ಲಿ ಚಡಪಡಿಸುತ್ತಿದ್ದಾಗ, ಐದು ವಾರ ಅವಳ ತಲೆ ಬಾಚಿ, ಚಮಚದಲ್ಲಿ ಊಟ ಮಾಡಿಸಿದವರು ಅವಳ ಅತ್ತೆ. ಅವರೊಬ್ಬರೇ ಒಂಬತ್ತು ದಿನಕ್ಕೆಂದು ನಮ್ಮಲ್ಲಿಗೆ ಬರುತ್ತಾರೆಂದು ತಿಳಿದಾಗ, ಅವರಿಗೊಂದು ಮಾತನ್ನು ಅವರದೇ ಭಾಷೆಯಲ್ಲಿ ಹೇಳಬೇಕೆಂದುಕೊಂಡೆ. ಮಗಳಿಂದ ಫೋನಿನಲ್ಲಿ ಹೇಳಿಸಿದರೆ ಅದು ನನ್ನ ಮಾತಾಗುವುದಿಲ್ಲ.

ತಮ್ಮ ಪಾಠಕ್ರಮ ಅದ್ಭುತ. ಕಲಿಯುವವನದು ಎಲ್ಲೆಡೆಯೂ ಪ್ರವಾಸಿಯ ಪಾತ್ರ. ಗುಮಾಸ್ತ, ವೈದ್ಯ, ಅಂಗಡಿಯವರ ಮಾತನ್ನೆಲ್ಲ ತಮ್ಮ ಧ್ವನಿಮುದ್ರಣವೇ ಆಡಿಬಿಡುತ್ತದೆ. ಹೀಗಾಗಿ ಬೀಗಿತ್ತಿ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಾಗ, ಸೂಟ್‌ಕೇಸ್ ಬರುವ ಏಳನೆಯ ಪಾಠ ನೆನಪಾಗಿ, ಕಿಟಕಿಯಿರುವ ಕೋಣೆ ಖಾಲಿ ಇದೆಯೇ ಎಂದು ನನ್ನದೇ ಮನೆಯಲ್ಲಿ ನಾನೇ ಅವರನ್ನು ಕೇಳಿದೆ. ಅವರ ಮುಖ ಅರಳಿತು. ನಮ್ಮ ಭಾಷೆಯಲ್ಲಿ, ಒಂದಕ್ಷರ ತಪ್ಪದೆ, ತಮಗೂ ಒಂದು ಕೋಣೆ ಬೇಕೆಂದೂ ಬಿಸಿನೀರು ಬರುತ್ತದೆಯೇ ಎಂದೂ ವಿಚಾರಿಸಿದರು. ಆಮೇಲೆ ಮಗಳು ಫೋನಿನಲ್ಲಿ ಹೇಳಿದಳು, ನಮ್ಮ ಭಾಷೆಗೂ ತಾವು ಇಂಥದೇ ಪಾಠಗಳನ್ನು ಮಾಡಿದ್ದೀರಂತೆ. ಅವರು ಆರು ತಿಂಗಳು ಅದನ್ನೇ ಕಲಿತರಂತೆ. ಬಾಗಿಲಲ್ಲಿ ಇಬ್ಬರು ಪ್ರವಾಸಿಗರು, ಒಳಗೆ ಕರೆಯುವ ಗುಮಾಸ್ತ ಮಾತ್ರ ಇಲ್ಲ.

“ನೀವು ಕೋಣೆ ಹುಡುಕ್ತಾ ಇರಿ, ಅವರಿಗೆ ಕಾಲು ನೋಯ್ತಿರುತ್ತೆ,” ಎಂದು ನನ್ನ ಹೆಂಡತಿ ಅವರ ಕೈಹಿಡಿದು ಒಳಗೆ ಕರೆದೊಯ್ದಳು.

ಅಂದಿನಿಂದ ನಾನೂ ಬೀಗಿತ್ತಿಯೂ ವಸ್ತುಸಂಗ್ರಹಾಲಯದ ದಾರಿಯನ್ನು ಪರಸ್ಪರ ಕೇಳಿಕೊಂಡಿದ್ದೇವೆ, ಕಳೆದುಹೋಗದ ಕೊಡೆಯ ಬಗ್ಗೆ ದೂರಿತ್ತಿದ್ದೇವೆ, ಇಲ್ಲದ ಹಲ್ಲುನೋವು ತೋಡಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದೇವೆ. ಆ ನಗುವಿಗಾಗಿ ತಮಗೆ ಋಣಿ. ಆದರೆ ಹೇಳಬೇಕಾದದ್ದು ಇನ್ನೂ ಬಾಕಿ ಇದೆ. ತಮ್ಮ ಪಾಠಗಳಲ್ಲಿ ಕೃತಜ್ಞತೆ ಸಲ್ಲುವುದು ಕೋಣೆಯ ಕೀಲಿ ಕೊಟ್ಟ ಗುಮಾಸ್ತನಿಗೆ ಮಾತ್ರ. ಅದೇ ‘ಗ್ರಾಸಿಯಾಸ್’ ಅನ್ನು, ನನ್ನ ಮಗಳನ್ನು ಎಬ್ಬಿಸಿ ನಡೆಸಿದವರಿಗೂ ಹೇಳಿ ಮುಗಿಸಲೇ?

ಆದ್ದರಿಂದ ನಲವತ್ತೊಂದನೆಯ ಸಂಭಾಷಣೆಯೊಂದನ್ನು ತಾವು ಕೂಡಲೇ ಸಿದ್ಧಪಡಿಸಬೇಕು. ಅದರಲ್ಲಿ ಒಬ್ಬ ತಂದೆ, ಮಗಳ ಅತ್ತೆ, ಇಬ್ಬರೇ ಇರಲಿ. ತಂದೆಯ ದನಿ ನಡುವೆ ಕಟ್ಟಿದರೆ ದಯವಿಟ್ಟು ತಿದ್ದಬೇಡಿ. ಬೀಗಿತ್ತಿ ಹೊರಡುವ ಗುರುವಾರದೊಳಗೆ, ಇದೇ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಉತ್ತರಿಸಬೇಕು.

ತಮ್ಮ ವಿಶ್ವಾಸಿ,
ನಲವತ್ತೂ ಪಾಠ ಒಪ್ಪಿಸಬಲ್ಲ ಪ್ರವಾಸಿ

ಬರೆಯಲು ಬಿಟ್ಟುಹೋದದ್ದು: ತಮ್ಮ ಒಂದು ಪಾಠವನ್ನೂ ಕೇಳದ ನನ್ನ ಹೆಂಡತಿ ಬೆಳಗಿನಿಂದ ಅಡುಗೆಮನೆಯಲ್ಲಿ ಬೀಗಿತ್ತಿಯೊಡನೆ ಕೂತಿದ್ದಾಳೆ. ಇವಳು ಮಗಳ ಹೆಸರೆತ್ತಿ ಅತ್ತಳು, ಅವರೂ ಅತ್ತರು, ಆಮೇಲೆ ಇಬ್ಬರೂ ನಕ್ಕರು. ನನ್ನ ಮಾತನ್ನು ಇವಳೇ ಹೇಳಿಬಿಟ್ಟಳೆಂದು ನನಗೆ ಬಲವಾದ ಅನುಮಾನ. ಯಾವ ಭಾಷೆಯಲ್ಲಿ ಎಂದು ಕೇಳಿದರೆ, “ಈರುಳ್ಳಿ ಹೆಚ್ತಾ ಕೂತಿದ್ವಿ, ಅಷ್ಟೇ,” ಎನ್ನುತ್ತಾಳೆ. ಈ ಈರುಳ್ಳಿಯ ಬಗ್ಗೆ ತಮ್ಮ ಸಂಪಾದಕ ಮಂಡಳಿಯ ನಿಲುವೇನೆಂಬುದನ್ನೂ ಬಹಿರಂಗವಾಗಿಯೇ ತಿಳಿಸತಕ್ಕದ್ದು.