ತಲೆ ಎತ್ತದೆ ದುಡಿದ ದಿನ

ಬೆಳಿಗ್ಗೆ ಬೂಟಿನ ಲೇಸು ಬಿಗಿಯುತ್ತ ಹೆಂಡತಿಗೆ ಘೋಷಿಸಿದೆ: "ಇವತ್ತು ಪ್ರಳಯವಾದ್ರೂ ನಾನು ಮೇಜಿನಿಂದ ತಲೆ ಎತ್ತೋದಿಲ್ಲ."

"ಮನೇಲಿ ಯಾವತ್ತು ಎತ್ತಿದೀರಿ?" ಎಂದಳು.

ಮಹಾಪುರುಷರಿಗೆ ಮನೆಯಲ್ಲಿ ಬೆಲೆಯಿಲ್ಲ ಎಂದು ಸಮಾಧಾನ ಮಾಡಿಕೊಂಡು ಹೊರಟೆ.

ನಾನು ಮನೆಗಳ ನಕ್ಷೆ ಬರೆಯುವವನು. ನಮ್ಮ ಆಫೀಸಿನ ಮೂಲೆಯಲ್ಲೊಂದು ಪುಟ್ಟ ಕೋಣೆ ಖಾಲಿ ಬಿದ್ದಿದೆ. ಸಂಜೆ ಬರಲಿದ್ದ ದಂಪತಿ ತಮ್ಮ ಮನೆಯ ನಕ್ಷೆ ಒಪ್ಪಿದರೆ ಆ ಕೋಣೆ ನನಗೇ ಎಂದು ಬಾಸು ಮಾತು ಕೊಟ್ಟಿದ್ದರು. ಸ್ವಂತ ಕೋಣೆ! ಅದಕ್ಕೆ ಅಡ್ಡಿ ಎಂದರೆ ಪಕ್ಕದ ಮೇಜಿನ ಅಕ್ಕ ಒಬ್ಬರೇ. "ಒಂದ್ನಿಮಿಷ ಸಾರ್" ಎಂದು ಶುರು ಮಾಡಿದರೆ ಅರ್ಧ ದಿನ ಗೋವಿಂದ. ಆಫೀಸಿಗೆಲ್ಲ ಆಕೆ ಒಂದ್ನಿಮಿಷದಕ್ಕ.

ನಾನೂ ತಯಾರಾಗಿಯೇ ಹೋಗಿದ್ದೆ. ಮೇಜನ್ನು ಗೋಡೆಗೆ ತಿರುಗಿಸಿ, ಫೋನನ್ನು ಡ್ರಾಯರಿಗೆ ತಳ್ಳಿ, ಕಿವಿಗೆ ಹತ್ತಿ ತುರುಕಿಕೊಂಡೆ. ಬೆನ್ನ ಮೇಲೊಂದು ಚೀಟಿ: 'ಕೆಲಸದಲ್ಲಿದ್ದೇನೆ, ಮಾತನಾಡಿಸಬೇಡಿ.' ನನ್ನ ಕೈ ಅಲ್ಲಿಗೆ ಎಟುಕದ ಕಾರಣ ಅದನ್ನು ಅಂಟಿಸಿಕೊಟ್ಟವರು ಒಂದ್ನಿಮಿಷದಕ್ಕನೇ.

ಆಮೇಲೆ ನನ್ನ ಕೈಚಳಕ ನೋಡಬೇಕಿತ್ತು. ಹಜಾರ, ಅಡುಗೆಮನೆ, ಮೆಟ್ಟಿಲು ಎಲ್ಲ ಸರಸರ ಎದ್ದು ನಿಂತವು. ಮಹಡಿಯ ಮೇಲೆ ಮನೆ ಯಜಮಾನರಿಗೊಂದು ಓದುವ ಕೋಣೆ. ಅದಕ್ಕಂತೂ ನನ್ನ ಜೀವವನ್ನೇ ಧಾರೆ ಎರೆದೆ. ನಾಲ್ಕೂ ಗೋಡೆಗೆ ನೆಲದಿಂದ ಸೂರಿನವರೆಗೆ ಪುಸ್ತಕದ ಕಪಾಟು, ನಡುವೆ ಮೇಜು, ಬೆಳಕಿಗೆ ಸೂರಿನಲ್ಲಿ ಗಾಜು. ನನಗೊಂದು ಕೋಣೆ ಸಿಕ್ಕರೆ ಹೀಗೇ ಇರಬೇಕು ಅನ್ನಿಸಿತು.

"ಒಂದ್ನಿಮಿಷ ಸಾರ್," ಹತ್ತಿಯನ್ನು ಭೇದಿಸಿಕೊಂಡು ದನಿ ಬಂತು. "ಆ ಓದೋ ಕೋಣೆ ಇದೆಯಲ್ಲ..."

ನಾನು ತಿರುಗಲಿಲ್ಲ. ಹೆಬ್ಬೆರಳಿನಿಂದ ಬೆನ್ನಿನ ಚೀಟಿ ತೋರಿಸಿದೆ. ಅವರು ಮತ್ತೆ ಬಂದರು, ನಾನು ಮತ್ತೆ ತೋರಿಸಿದೆ. ಸಾಧಕನಿಗೆ ಇಂಥ ಪರೀಕ್ಷೆಗಳು ಬರುತ್ತವೆ ಎಂದು ಎದೆಯುಬ್ಬಿತು.

ಸಂಜೆ ದಂಪತಿ ಬಂದರು. ಯಜಮಾನರು ನಕ್ಷೆಯ ಗೇಟಿನ ಮೇಲೆ ಬೆರಳಿಟ್ಟು ಹಜಾರ ದಾಟಿದರು, ಮೆಟ್ಟಿಲು ಹತ್ತಿದರು. ಬಾಸು ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಮೂಲೆಕೋಣೆಗೆ ಯಾವ ಬಣ್ಣದ ಪರದೆ ಹಾಕಿಸಲಿ ಎಂದು ನಾನು ಯೋಚಿಸುತ್ತಿದ್ದೆ. ಬೆರಳು ಓದುವ ಕೋಣೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೊರಗೇ ನಿಂತಿತು.

"ಅಲ್ಲ ಸಾರ್, ಇದರೊಳಗೆ ಹೋಗೋದು ಹೇಗೆ?"

ಬಾಗಿಲೇ ಇರಲಿಲ್ಲ. ಯಾರೂ ಒಳಗೆ ಬರಬಾರದೆಂಬ ನನ್ನ ಛಲ ಪೆನ್ಸಿಲ್ಲಿಗೂ ಇಳಿದಿತ್ತು.

"ಅದನ್ನೇ ಹೇಳೋಕೆ ಬಂದಿದ್ದೆ ಸಾರ್," ಎಂದರು ಒಂದ್ನಿಮಿಷದಕ್ಕ.

"ಹೀಗೇ ಇರ್ಲಿ ಬಿಡಿ," ಎಂದರು ಯಜಮಾನರ ಹೆಂಡತಿ ತಣ್ಣಗೆ. "ಇವರು ಒಳಗೆ ಹೋಗಿ ಕೂತ ಮೇಲೆ ಗೋಡೆ ಕಟ್ಟಿಸಿದ್ರಾಯ್ತು."

ಎಲ್ಲರೂ ನಕ್ಕರು, ಬಾಸು ಒಬ್ಬರನ್ನು ಬಿಟ್ಟು.

ಮರುದಿನ ನನ್ನ ಮೇಜು ಆಫೀಸಿನ ಹೆಬ್ಬಾಗಿಲಿನ ಪಕ್ಕದಲ್ಲಿತ್ತು. "ಇನ್ಮೇಲೆ ನಿಮಗೆ ಬಾಗಿಲು ಮರೆಯಲ್ಲ," ಎಂದರು ಬಾಸು. ಅಂದಿನಿಂದ ಕೊರಿಯರಿನವರು, ನೀರಿನ ಕ್ಯಾನಿನವರು, ದಾರಿ ತಪ್ಪಿ ಬಂದವರು ಎಲ್ಲರೂ ಮೊದಲು ಕೇಳುವುದು ನನ್ನನ್ನೇ.

ಮೇಜು ಬದಲಾದ ದಿನ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ಕೋಣೆ ಸಿಕ್ತಾ?"

"ಕಂತಿನಲ್ಲಿ ಕೊಡ್ತಾರಂತೆ ಕಣೇ," ಎಂದೆ, ತಟ್ಟೆಯಿಂದ ತಲೆ ಎತ್ತದೆ. "ಸದ್ಯಕ್ಕೆ ಬಾಗಿಲು ಕೊಟ್ಟಿದಾರೆ."