ಹೊಸ್ತಿಲು ದಾಟದ ಗ್ಯಾರಂಟಿ

ನನ್ನ ದವಾಖಾನೆಯ ಮೇಜಿನ ಮೇಲೆ ನಾಯಿಗಳಿಗಿಂತ ಹೆಚ್ಚು ಸುಳ್ಳುಗಳು ಹತ್ತಿ ಇಳಿದಿವೆ. ಬೆಳಗಾವಿಯಲ್ಲಿ ನಾನು ಪಶುವೈದ್ಯನಾಗಿ ಇಪ್ಪತ್ತು ವರ್ಷವಾಯಿತು. ಇಷ್ಟರಲ್ಲಿ ಯಾವ ನಾಯಿಯೂ ನನಗೆ ಸುಳ್ಳು ಹೇಳಿಲ್ಲ. ಹೇಳುವವರು ಮರಿ ಮಾರುವವರು. ಅವರಲ್ಲಿ ಅಗ್ರಗಣ್ಯ ಸಾಂಬ್ರಾ ರಸ್ತೆಯ ಒಬ್ಬ ಮಹಾಶಯ. ಮಾತಿಗೊಮ್ಮೆ ‘ಗ್ಯಾರಂಟಿ’ ಅನ್ನುತ್ತಾನೆಂದು ನಾನವನಿಗೆ ಗ್ಯಾರಂಟಿ ಸಾಹುಕಾರ ಎಂದು ಹೆಸರಿಟ್ಟಿದ್ದೇನೆ. ತಿಂಗಳಿಗೊಮ್ಮೆಯಾದರೂ ಅವನ ಪ್ರತಾಪ ನನ್ನ ಬಾಗಿಲಿಗೆ ಬರುತ್ತದೆ.

೧. ಗಣಪತಿ ಇರುವ ಕಾರ್ಡು

ಸಾಹುಕಾರ ಪ್ರತಿ ಮರಿಯ ಜೊತೆ ಆರೋಗ್ಯದ ಗ್ಯಾರಂಟಿ ಕಾರ್ಡು ಕೊಡುತ್ತಾನೆ. ಅದನ್ನು ಅಚ್ಚು ಹಾಕಿಸಿದ್ದು ಲಗ್ನಪತ್ರಿಕೆ ಮಾಡುವ ಪ್ರೆಸ್ಸಿನಲ್ಲಿ. ಅವರು ಯಾವುದೋ ಹಳೆಯ ಪತ್ರಿಕೆಯ ನಡುವಿನ ಮಜಕೂರು ಮಾತ್ರ ಬದಲಿಸಿದ್ದಾರೆ. ಮೇಲೆ ಗಣಪತಿ, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಹಾಗೇ ಉಳಿದಿವೆ. ಅದರಡಿ ಸಾಹುಕಾರನ ಸಹಿ.

ನಡುವೆ ಮೂರು ಸಾಲು. ಮರಿ ಸಂಪೂರ್ಣ ಆರೋಗ್ಯವಾಗಿದೆ. ಕಾಯಿಲೆ ಬಂದರೆ ಮರಿ ತಂದು ಕೊಟ್ಟು ಬೇರೆ ಮರಿ ಒಯ್ಯಬಹುದು. ಹೊಸ್ತಿಲು ದಾಟಿದ ಮೇಲೆ ಬಂದ ಕಾಯಿಲೆಗೆ ನಾವು ಜವಾಬ್ದಾರರಲ್ಲ.

“ಸಾಹುಕಾರ, ಹೊಸ್ತಿಲಾ ದಾಟಲಾರದ ಮರಿ ಗಿರಾಕಿ ಮನಿಗೆ ಹೆಂಗ ಹೋಗತೈತ್ರಿ? ಇದನ್ನ ಓದಿ ಸಹಿ ಮಾಡೀರೋ ಇಲ್ಲೋ?” ಎಂದು ಕೇಳಿದೆ.

“ಓದಾಕ ನನಗೆಲ್ಲಿ ಟೈಮ್ ಐತ್ರಿ ಡಾಕ್ಟ್ರ? ನನಗ ತ್ರಾಸ ಆಗಲಾರದಂಗ ಬರಿ ಅಂತ ಪ್ರೆಸ್ಸಿನಾವಗ ಹೇಳಿದ್ನಿ. ಚೊಲೋ ಬರದಾನ.”

೨. ಹುಟ್ಟುವ ಮೊದಲಿನ ಲಸಿಕೆ

ಕೋಟೆಯ ಹತ್ತಿರದ ಬ್ಯಾಂಕ್ ಅಧಿಕಾರಿಯೊಬ್ಬರು ಲ್ಯಾಬ್ರಡಾರ್ ಮರಿ ತಂದರು. ಸಾಹುಕಾರ ಕೊಟ್ಟ ಲಸಿಕೆ ಪುಸ್ತಕ ತೆರೆದು ನೋಡಿದರೆ, ಲಸಿಕೆ ಹಾಕಿದ್ದು ಮಾರ್ಚಿನಲ್ಲಿ, ಮರಿ ಹುಟ್ಟಿದ್ದು ಏಪ್ರಿಲ್‌ನಲ್ಲಿ. ಅಲ್ಲೇ ಫೋನ್ ಹಚ್ಚಿದೆ.

“ತಾಯಿ ಹೊಟ್ಟ್ಯಾಗ ಇದ್ದಾಗನ ಹಾಕಸೀನ್ರಿ,” ಅಂದ ಸಾಹುಕಾರ. “ಅಷ್ಟು ಕಾಳಜಿ ಮಾಡ್ತೀವಿ ನಾವು.”

ಅಧಿಕಾರಿ ಬಿಡುವವರಲ್ಲ. ಮರುದಿನ ಸಾಂಬ್ರಾ ರಸ್ತೆಗೆ ಹೋಗಿ, ಆ ತಾಯಿಯನ್ನು ತೋರಿಸಿ ಅಂದರು. ಸಾಹುಕಾರ ಹಿತ್ತಲಿನಿಂದ ಒಂದು ದೊಡ್ಡ ನಾಯಿಯನ್ನು ಎಳೆದುಕೊಂಡು ಬಂದ. ಅದು ಬಂದದ್ದೇ ಲೈಟಿನ ಕಂಬಕ್ಕೆ ಕಾಲೆತ್ತಿತು. ಅಧಿಕಾರಿ ಬಗ್ಗಿ ನೋಡಿದರು, ಸಾಹುಕಾರನ ಮುಖ ನೋಡಿದರು. ಆ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲವಂತೆ.

“ಗಂಡನಾಯಿಗೋಳ ಕೂಡ ಬೆಳದೈತ್ರಿ,” ಅಂದ. “ಅವನ್ನ ನೋಡಿ ಕಲತೈತಿ.”

೩. ಬದಲಿ ಮರಿ

ಇದರಲ್ಲಿ ನಗು ಕಡಿಮೆ. ಖಾನಾಪುರದ ಆಚೆಯ ಬೀಡಿ ಎಂಬ ಊರಿನಿಂದ ಒಬ್ಬ ನಿವೃತ್ತ ಶಿಕ್ಷಕಿ ಬಂದರು. ಶಾಲೆಯ ಮಕ್ಕಳು ಕರೆದ ಹಾಗೆ ಊರಿಗೆಲ್ಲ ಅವರು ಬಾಯಾರು. ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ಮರಿ, ಬಾಯಿಂದ ನೊರೆ, ಹಿಂದೆ ರಕ್ತದ ಭೇದಿ. ಸಾಹುಕಾರನಲ್ಲಿ ಕೊಂಡು ಎರಡೇ ದಿನವಾಗಿತ್ತು. ಈ ರೋಗ ಒಳಹೊಕ್ಕು ಇಷ್ಟು ಬಲಿಯಲು ಎರಡು ದಿನ ಸಾಲದು. ಮರಿ ಅದನ್ನು ಅವನ ಗೂಡಿನಿಂದಲೇ ಹೊತ್ತು ತಂದಿತ್ತು.

ಬಾಯಾರು ನನ್ನೆದುರಿಗೇ ಅವನಿಗೆ ಫೋನ್ ಮಾಡಿದರು.

“ಅದನ್ನ ತಂದು ಒಗದು ಬ್ಯಾರೆ ಒಯ್ರಿ,” ಅಂದ.

“ಮೊಮ್ಮಗಗ ಜ್ವರಾ ಬಂದ್ರ ಬ್ಯಾರೆ ಮೊಮ್ಮಗನ್ನ ತರತಾರೇನಪಾ?”

“ಹಂಗಾರ ಗ್ಯಾರಂಟಿ ನೀವ ಬಿಟ್ಟಂಗಾತ್ರಿ. ನಂದೇನೂ ತಪ್ಪಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಮಡಿಲಲ್ಲಿ ಮಲಗಿದ ಮರಿಯನ್ನು ಯಾರೂ ವಾಪಸು ಕೊಡುವುದಿಲ್ಲ. ಅವನ ಗ್ಯಾರಂಟಿ ನಿಂತಿರುವುದೇ ಇದರ ಮೇಲೆ. ಐದು ದಿನ ಸಲೈನ್ ಹಚ್ಚಿದೆ. ಐದೂ ದಿನ ಬಾಯಾರು ನನ್ನ ಬೆಂಚು ಬಿಟ್ಟು ಏಳಲಿಲ್ಲ. ಆರನೆಯ ದಿನ ಮರಿ ಎದ್ದು ನಿಂತು, ಮೊದಲ ಕೆಲಸವೆಂದು ನನ್ನ ಚಪ್ಪಲಿ ಕಚ್ಚಿತು. ಬಾಯಾರು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಮೇಜಿನ ಮೇಲಿದ್ದ ಮರಿಯ ಗ್ಯಾರಂಟಿ ಕಾರ್ಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

“ಇದನ್ನ್ಯಾಕ ಒಯ್ತೀರಿ ಬಾಯಾರ?” ಅಂದೆ.

“ತಪ್ಪು ಬರದಾವಗ ತಿದ್ದಿ ಕೊಡಬೇಕಲ್ರಿ.”

೪. ಎಮ್ಮೆ ನೋಡಲು ಹೋದದ್ದು

ನಾಲ್ಕು ತಿಂಗಳ ಮೇಲೆ ಸಾಹುಕಾರನೇ ದವಾಖಾನೆಗೆ ಬಂದ. ಮನೆಯ ಹಾಲಿಗೆ ಎಮ್ಮೆ ಬೇಕಂತೆ.

“ನೀವೂ ಸಂಗಡ ಬರ್ರಿ ಡಾಕ್ಟ್ರ. ತಪಾಸ ಮಾಡಲಾರದ ತಗೊಂಡ್ರ ಮಂದಿ ಟೋಪಿ ಹಾಕ್ತಾರ.”

ಮಾರುವ ಮೊದಲು ಒಂದು ಮರಿಯನ್ನೂ ವೈದ್ಯನಿಗೆ ತೋರಿಸಿದವನಲ್ಲ ಈತ. ಬಾಯಾರ ಮನೆಯಲ್ಲಿ ಎಮ್ಮೆ ಮಾರುವುದಿತ್ತು. ಅವರಿಗೆ ಒಂದು ಫೋನ್ ಮಾಡಿ, ಇವನನ್ನು ಬೀಡಿಗೆ ಕರೆದೊಯ್ದೆ. ಅವನಿಗೆ ಬಾಯಾರ ಗುರುತು ಹತ್ತಲಿಲ್ಲ. ಮರಿ ಕೊಟ್ಟ ಮೇಲೆ ಗಿರಾಕಿಯ ಮುಖ ನೆನಪಿಡುವ ರೂಢಿ ಅವನಿಗಿಲ್ಲ.

ಬಾಗಿಲೊಳಗೆ ಚಪ್ಪಲಿ ಬಿಟ್ಟು, ಮನೆಯೊಳಗೇ ಇದ್ದ ಕೊಟ್ಟಿಗೆಗೆ ನಡೆದ. ಎಮ್ಮೆಯ ಹಲ್ಲು ನೋಡಿದ, ಸುಳಿ ನೋಡಿದ, ಕೆಚ್ಚಲು ಒತ್ತಿದ, ನನ್ನಿಂದಲೂ ಒತ್ತಿಸಿದ. ಸಂಜೆ, ಮುಂಜಾನೆ ಎರಡೂ ಹೊತ್ತು ಹಿಂಡಿ ನೋಡದೆ ಒಯ್ಯುವುದಿಲ್ಲ ಎಂದ.

“ಮತ್ತ ನಮ್ಮ ಮನಿಗೆ ಬಂದ ಮ್ಯಾಲೂ ಹದಿನೈದು ದಿನಾ ಜವಾಬ್ದಾರಿ ನಿಮ್ದ. ಬರದು ಕೊಡ್ರಿ.”

“ಬರದ ಇಟ್ಟೀನ್ರಿ,” ಎಂದು ಬಾಯಾರು ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿಕೊಂಡು ಪಾಠ ಓದಿದ ಹಾಗೆ ಓದಿದರು. ಎಮ್ಮೆ ಸಂಪೂರ್ಣ ಆರೋಗ್ಯವಾಗಿದೆ. ಕಾಯಿಲೆ ಬಂದರೆ ಎಮ್ಮೆ ತಂದು ಕೊಟ್ಟು ಬೇರೆ ಎಮ್ಮೆ ಒಯ್ಯಬಹುದು. ಹೊಸ್ತಿಲು ದಾಟಿದ ಮೇಲೆ ಬಂದ ಕಾಯಿಲೆಗೆ ನಾವು ಜವಾಬ್ದಾರರಲ್ಲ.

ಸಾಹುಕಾರ ಕೆಂಡವಾದ. “ಇದೆಂಥಾ ಗ್ಯಾರಂಟಿರೀ? ಇದನ್ನ ನಂಬಿ ತಗೊಳ್ಳಾಕ ನಾ ಏನ ಹುಚ್ಚನ? ಯಾವ ಲಫಂಗ ಬರದಾನಿದನ್ನ?”

“ಕೆಳಗ ಸಹಿ ಐತಿ, ನೋಡ್ರಿ,” ಎಂದು ಬಾಯಾರು ಕಾರ್ಡು ಅವನ ಕೈಗಿತ್ತರು.

ಮೇಲೆ ಗಣಪತಿ. ‘ಮರಿ’ ಎಂದಿದ್ದಲ್ಲೆಲ್ಲ ಕೆಂಪು ಶಾಯಿಯಿಂದ ಹೊಡೆದು ‘ಎಮ್ಮೆ’ ಎಂದು ತಿದ್ದಿತ್ತು. ಕೆಳಗೆ ಅವನದೇ ಸಹಿ. ಅವನು ಅದನ್ನು ನೋಡುತ್ತ ನಿಂತಿದ್ದಾಗಲೇ ಬಾಯಾರ ಮರಿ, ಈಗ ಮೊಣಕಾಲೆತ್ತರ ಬೆಳೆದದ್ದು, ಅವನ ಚಪ್ಪಲಿ ಕಚ್ಚಿಕೊಂಡು ಬಾಗಿಲಾಚೆ ಓಡಿತು.

“ನನ್ನ ಚಪ್ಪಲ್ರಿ,” ಎಂದು ಸಾಹುಕಾರ ಹಿಂದೆಯೇ ಓಡಿದ.

ಬಾಯಾರು ಕೂತಲ್ಲಿಂದ ಏಳಲಿಲ್ಲ.

“ಹೊಸ್ತಿಲಾ ದಾಟೇತ್ರಿ,” ಅಂದರು. “ಇನ್ನ ನಮ್ಮ ಜವಾಬ್ದಾರಿ ಅಲ್ಲ.”