ಅತ್ತೆಯ ಬೀಪರ್

ಭಾನುವಾರವೆಂದರೆ ಕಾಸಿಯಾನನಿಗೆ ಆಗುತ್ತಿರಲಿಲ್ಲ. ಟಿರೋಲಿನ ಆ ಬೆಟ್ಟದೂರಿನಲ್ಲಿ ವಾರವೆಲ್ಲ ನೆಮ್ಮದಿಯಾಗಿ ಕ್ಷೌರದಂಗಡಿ ನಡೆಸುವ ಅವನು, ರಜೆಯ ದಿನ ಅತ್ತೆ ವಾಲ್‌ಬುರ್ಗಾಳ ಮುಂದೆ ಕೂತು ಆಲೂಗಡ್ಡೆ ಸುಲಿಯುತ್ತ, ತಾನೆಂಥ ದಂಡಪಿಂಡ ಎಂಬ ವರ್ಣನೆಯನ್ನು ಕೇಳಬೇಕಿತ್ತು. ಈ ಶಿಕ್ಷೆಯಿಂದ ವಿನಾಯಿತಿ ಇದ್ದದ್ದು ಪರ್ವತ ರಕ್ಷಣಾ ದಳದಲ್ಲಿದ್ದ ಅಳಿಯಂದಿರಿಗೆ ಮಾತ್ರ. ಅವರಿಗೆ ಭಾನುವಾರ ತಾಲೀಮು. ಹಾಗಾಗಿ ಕಾಸಿಯಾನ್ ದಳದ ಪರೀಕ್ಷೆಗೆ ನಿಂತ.

ಹಿಮದಡಿ ಮೂರು ಚೀಲ ಹೂತಿದ್ದರು, ಒಂದೊಂದರಲ್ಲೂ ಒಂದು ಬೀಪರ್. ಬೆಟ್ಟದ ಹಿಮ ಕುಸಿದು ಹೂತುಹೋದವರ ಮೈಮೇಲಿನ ಬೀಪರ್ ಸಂಕೇತ ಕಳಿಸುತ್ತಿರುತ್ತದೆ. ಹುಡುಕುವವನು ತನ್ನದನ್ನು ಹುಡುಕಾಟಕ್ಕೆ ತಿರುಗಿಸಿಕೊಂಡರೆ ಅದರಲ್ಲಿ ಬಾಣ ಮೂಡಿ ದಾರಿ ತೋರುತ್ತದೆ. ಒಬ್ಬರು ಸಿಕ್ಕೊಡನೆ ಬಟನ್ ಒತ್ತಿ ಅವರ ಸಂಕೇತವನ್ನು ಬದಿಗಿಟ್ಟು ಮುಂದಿನವರತ್ತ ಓಡಬೇಕು. ದಳದ ಮುಖ್ಯಸ್ಥ ಲೀನ್‌ಹಾರ್ಟ್ ಸೀಟಿ ಊದಿದ. ನೋಡಲು ಅರ್ಧ ಊರೇ ನೆರೆದಿತ್ತು. ಮುಂದಿನ ಸಾಲಿನಲ್ಲೇ ಅತ್ತೆ.

ಮೊದಲ ಚೀಲ ಸಿಕ್ಕಿತು. ಎರಡನೆಯದೂ ಸಿಕ್ಕಿತು. ಮೂರನೆಯದು ಮಾತ್ರ ಕಣ್ಣಾಮುಚ್ಚಾಲೆ ಆಡತೊಡಗಿತು. ತೋಡಿದಲ್ಲೆಲ್ಲ ಬರೀ ಹಿಮ.

"ಏನಯ್ಯಾ, ಮೂಲಂಗಿ ಹಾಕಕ್ಕೆ ಪಾತಿ ಮಾಡ್ತಿದೀಯಾ?" ಎಂದು ಬೇಕರಿಯವನು ಕೂಗಿದ.

"ಕತ್ತರಿ ಹಿಡಿಯೋ ಕೈಗೆ ಸಲಿಕೆ ಕೊಟ್ರೆ ಇನ್ನೇನಾಗತ್ತೆ! ಇವ್ರು ಹುಡುಕೋ ಹೊತ್ತಿಗೆ ಹೂತವನು ಸ್ವರ್ಗದಲ್ಲಿ ಕಾಫಿ ಕುಡೀತಿರ್ತಾನೆ" ಎಂದಳು ಅತ್ತೆ, ಇನ್ನಷ್ಟು ಚೆನ್ನಾಗಿ ಕಾಣಲೆಂದು ಬಲಕ್ಕೆ ಸರಿಯುತ್ತ.

ಬಾಣವೂ ಬಲಕ್ಕೆ ಸರಿಯಿತು.

ಕಾಸಿಯಾನನಿಗೆ ಆಗ ಹೊಳೆಯಿತು. ಹಿಮದ ಮೇಲೆ ಕಾಲಿಡುವ ಮೊದಲು ಬೀಪರ್ ಚಾಲೂ ಮಾಡಿ ಎದೆಗೆ ಕಟ್ಟಿಕೊಳ್ಳುವುದು ಊರಿನವರ ರೂಢಿ. ಹುಡುಕಾಟಕ್ಕೆ ಮುಂಚೆ ಸುತ್ತಲಿನವರಿಂದ ಅದನ್ನು ಆಫ್ ಮಾಡಿಸುವುದು ಹುಡುಕುವವನ ಕೆಲಸ. ಅವನು ಎಲ್ಲರಿಗೂ ಕೈಮುಗಿದು ಹೇಳಿದ್ದ, ಅತ್ತೆಯೊಬ್ಬಳನ್ನು ಬಿಟ್ಟು. ಅವಳಿಗೆ ಹೇಳುವ ಧೈರ್ಯ ಯಾವ ಗಂಡಿಗಿದೆ?

ಲೀನ್‌ಹಾರ್ಟ್ ಗಡಿಯಾರ ನೋಡಿ, ಹೊತ್ತು ಮುಗಿಯುತ್ತ ಬಂತೆಂದು ತಲೆಯಾಡಿಸಿದ. ಕಾಸಿಯಾನನ ಕಣ್ಣ ಮುಂದೆ ಮುಂಬರುವ ಭಾನುವಾರಗಳೆಲ್ಲ ಆಲೂಗಡ್ಡೆ ಸಮೇತ ಸಾಲುಗಟ್ಟಿದವು.

"ಅತ್ತೇ! ಬಾಯ್ಮುಚ್ಕೊಂಡು ಆ ಬೀಪರ್ ಆಫ್ ಮಾಡಿ! ಈಗ್ಲೇ!"

ಈ ಕೂಗಿಗೆ ಬೆಟ್ಟದ ಹಿಮವೇ ಜಾರೀತೆಂದು ಬೇಕರಿಯವನು ಕತ್ತು ತಗ್ಗಿಸಿದ. ಅತ್ತೆ ಎದೆಗೆ ಕೈಹಾಕಿ ಬೀಪರ್ ಆಫ್ ಮಾಡಿದಳು. ಬಾಣ ತಿರುಗಿ ನೆಟ್ಟಗೆ ನಿಂತಿತು. ಮೂರನೆಯ ಚೀಲ ಸಿಕ್ಕೇಬಿಟ್ಟಿತು.

"ಪಾಸ್!" ಲೀನ್‌ಹಾರ್ಟ್ ಓಡಿಬಂದು ತಬ್ಬಿಕೊಂಡ. "ನಿನ್ನಂಥವನಿಗೇ ಕಾಯ್ತಿದ್ದೆ ಕಣಪ್ಪಾ! ದಳಕ್ಕೆ ಸೇರ್ಕೋತೀನಿ ಅಂತ ನಿಮ್ಮತ್ತೆ ವರ್ಷದಿಂದ ನನ್ನ ಪ್ರಾಣ ತಿಂತಿದಾರೆ. ಬೆಟ್ಟ ಹತ್ತೋದ್ರಲ್ಲಿ ಭಾರೀ ಗಟ್ಟಿಗಿತ್ತಿ. ಆದ್ರೆ ಜೊತೆಗೆ ಹೋಗಕ್ಕೆ ಒಬ್ನೂ ಒಪ್ತಿಲ್ಲ. ಅವ್ರನ್ನ ಗದರಿಸೋ ಗಂಡು ಇವತ್ತು ಸಿಕ್ಕಿದ. ಇನ್ಮೇಲೆ ಪ್ರತಿ ಭಾನುವಾರ ನೀವಿಬ್ರೂ ಒಂದೇ ಹಗ್ಗ ಕಟ್ಕೊಂಡು ಬೆಟ್ಟ ಹತ್ತೋದು!"

ಅತ್ತೆ ಆಗಲೇ ಹಗ್ಗದ ತುದಿಯನ್ನು ಅಳಿಯನ ಸೊಂಟಕ್ಕೆ ಬಿಗಿಯುತ್ತಿದ್ದಳು.

"ನೆಟ್ಟಗೆ ನಿಂತ್ಕೊಳ್ಳಿ ಅಳಿಯಂದ್ರೇ. ಪ್ರತಿ ಭಾನುವಾರ ಬೆಳಿಗ್ಗೆಯಿಂದ ಸಂಜೆ ತನಕ ಹೊತ್ತಿದೆ. ಆಗ ಅಂದ್ರಲ್ಲ, ಅದಕ್ಕೆ ನಿಧಾನವಾಗಿ ಉತ್ತರ ಹೇಳ್ತೀನಿ."